ಯುದ್ಧದ ಸಿನಿಮಾ ಎಷ್ಟು ಖರೇ

ರೋಣದ ನಮ್ಮ ಮನೆಗೆ ನನ್ನನ್ನು ನೋಡಲು ಬಂದ ಹುಡುಗ ಸೈನ್ಯದಲ್ಲಿದ್ದ. ಅವಲಕ್ಕಿ, ಚಹಾ ಮುಗಿದ ಮೇಲೆ ಹಿರಿಯರು ನಮ್ಮಿಬ್ಬರನ್ನೇ ಮಾತಾಡಲೆಂದು ಒಳಕೋಣೆಗೆ ಕಳಿಸಿದರು. ಎಂ.ಎ. ಓದುವಾಗ ಹಾಸ್ಟೆಲಿನಲ್ಲಿ ಯುದ್ಧದ ಸಿನಿಮಾಗಳನ್ನು ಇಷ್ಟಪಟ್ಟು ನೋಡುತ್ತಿದ್ದೆ. ಬೇರೇನೂ ತೋಚದೆ, ಅವುಗಳಲ್ಲಿ ಎಷ್ಟು ನಿಜ ಎಂದು ಕೇಳಿದೆ.

“ಗುಂಡಿನ ಸಪ್ಪಳ ಭಾಳ ಮಾಡ್ತಾರ್ರಿ. ನಮ್ಮಲ್ಲಿ ಸುಮ್ನ ಕಾಯೋದ ಹೆಚ್ಚು,” ಎಂದು ನಕ್ಕ. ಆಮೇಲೆ ದನಿ ತಗ್ಗಿಸಿ, “ಸಿನಿಮಾದಾಗ ಸಾವಿನ ಸುದ್ದಿ ಕೇಳಿ ಹೇಣ್ತಿ ಚೀರ್ತಾಳಲ್ರಿ, ಅದನ್ನ ಮಾತ್ರ ನಾ ನೋಡಿಲ್ಲ,” ಅಂದ.

ಹಿಂದಿನ ಸಲ ರಜೆಗೆ ಬಂದಿದ್ದಾಗ, ತನ್ನ ತುಕಡಿಯ ಗೆಳೆಯ ತೀರಿಕೊಂಡ ಸುದ್ದಿ ಹೇಳಲು ಊರ ಹಿರಿಯರ ಜತೆ ಅವನೂ ಆ ಗೆಳೆಯನ ಊರಾದ ಬೆಳವಣಕಿಗೆ ಹೋಗಿದ್ದನಂತೆ. ಮನೆಯಲ್ಲಿ ಗೆಳೆಯನ ಹೆಂಡತಿ ಒಬ್ಬಳೇ ಇದ್ದಳು. ಸುದ್ದಿ ಕೇಳಿ ಒಳಗೆ ಹೋದವಳು ತಂಬಿಗೆಯಲ್ಲಿ ನೀರು, ತಾಟಿನಲ್ಲಿ ಬೆಲ್ಲ ತಂದು ಅವರ ಮುಂದಿಟ್ಟಳು, ಬಿಸಿಲಲ್ಲಿ ಬಂದ ಯಾವ ನೆಂಟರಿಗಾದರೂ ಇಡುವಂತೆ.

“ನೀವೇನು ಮಾಡಿದ್ರಿ?”

“ಕುಡದ್ವಿರಿ. ಒಲ್ಲೆ ಅನ್ನಾಕ ಬಾಯಿ ಬರಲಿಲ್ಲ.”

ಹುಡುಗನ ಕಡೆಯವರೆಲ್ಲ ಹೋದ ಮೇಲೆ ಅವ್ವ ಕೇಳಿದಳು, “ಏನವಾ, ಹೂಂ ಅಂತ ಹೇಳ್ಲೇನು?”

ಸ್ವಲ್ಪ ದಿನ ಬೇಕು ಎಂದೆ.

“ಯಾಕ, ಏನರ ಸುಳ್ಳು ಹೇಳಿದ್ನೇನು?”

“ಇಲ್ಲವಾ, ಖರೇನ ಹೇಳಿದ.”

“ಹಂಗಾದ್ರ ನಿನ್ನ ತಕರಾರರ ಏನು?”

ನೀರು, ಬೆಲ್ಲ ತಂದಿಟ್ಟ ಆ ಹೆಣ್ಣುಮಗಳ ಜಾಗದಲ್ಲಿ ನನ್ನನ್ನು ನಿಲ್ಲಿಸಿ ನೋಡುತ್ತಿದ್ದೇನೆ ಎಂದು ಅವ್ವನಿಗೆ ಹೇಳಲಾಗಲಿಲ್ಲ. ಹುಡುಗ ನನಗೆ ಹಿಡಿಸಿದ್ದ.