ಬ್ಲೇಡು ಕೆರೆದ ಜಾಗ

ಮ್ಯೂಸಿಯಂಗೆ ಹೋದ ದಿನ ಉರಿಬಿಸಿಲಿತ್ತು ಎಂದು ಬರೆದು ಹೊಡೆದುಹಾಕಿದೆ. ಬಿಸಿಲಿತ್ತೋ ಮೋಡವಿತ್ತೋ ನನಗೆ ಗೊತ್ತಿಲ್ಲ. ಗೊತ್ತಿರುವುದು ಇಷ್ಟು: ಅಪ್ಪ, ನಾನು ಉತ್ತರದ ಯಾತ್ರೆ ಮುಗಿಸಿದ್ದೆವು, ರೈಲಿಗೆ ಇನ್ನೂ ಅರ್ಧ ದಿನ ಇತ್ತು. ನಾವಿದ್ದದ್ದು ಬಯಲಿನಲ್ಲಿ ಗೆರೆ ಎಳೆದು ಹೊಸದಾಗಿ ಕಟ್ಟಿದ ನಗರ. ಅದನ್ನು ಹೇಗೆ ಕಟ್ಟಿದರು ಎಂದು ತೋರಿಸುವುದಕ್ಕೇ ಅಲ್ಲೊಂದು ಮ್ಯೂಸಿಯಂ. ಅಪ್ಪನನ್ನು ನಾನೇ ಎಳೆದುಕೊಂಡು ಹೋದೆ.

ನಕ್ಷೆ ಬರೆಯುವುದು ನನ್ನ ಕಸುಬು. ಶ್ರೀರಂಗಪಟ್ಟಣದಲ್ಲಿ ಆಫೀಸು. ಯಾತ್ರೆಗೆ ಹೊರಡುವ ಹಿಂದಿನ ದಿನ ಪಾಂಡವಪುರದ ಕಡೆ ಇರುವ ನಮ್ಮೂರಿನದೇ ರಸ್ತೆ ಅಗಲಿಸುವ ನಕ್ಷೆ ಮುಗಿಸಿಟ್ಟಿದ್ದೆ. ಊರ ನಡುವಿನ ಕರುಗಲ್ಲು ಹೊಸ ರಸ್ತೆಯೊಳಗೆ ಬರುತ್ತಿತ್ತು. ನಮ್ಮ ಕಡೆ ಊರು ಕಟ್ಟುವಾಗ ಮೊದಲು ನೆಡುವುದು ಆ ಕಲ್ಲನ್ನು, ಮನೆಗಳು ಆಮೇಲೆ. ಹೊಸ ಸೊಸೆ ಬಂದರೂ ದನಕ್ಕೆ ಜಾಡ್ಯ ಬಂದರೂ ಅದಕ್ಕೆ ನೀರು ಹುಯ್ಯುತ್ತಾರೆ. ನಕ್ಷೆಯಲ್ಲಿ ಕಲ್ಲು ಕಂಡರೆ ಊರವರ ತಕರಾರು ಏಳುತ್ತದೆ. ಅಳಿಸಿದೆ. ಅಪ್ಪನಿಗೆ ಹೇಳಲಿಲ್ಲ.

ಗಾಜಿನೊಳಗೆ ಮರದಲ್ಲಿ ಮಾಡಿದ ಪುಟ್ಟ ನಗರ. ಅಪ್ಪ ಬಗ್ಗಿ ನೋಡಿದ.

“ಚೌಕಾಬಾರದ ಮನೆ ಇದ್ದಂಗದೆ ಕಣ್ಲಾ. ಅದ್ಸರಿ, ಕರುಗಲ್ಲು ಎಲ್ ನೆಟ್ಟವ್ರೆ? ಆವಮ್ಮನ್ನ ಕೇಳು.”

ನನ್ನ ಹರಕು ಹಿಂದಿಯಲ್ಲಿ ಕೇಳಿದೆ. ವಿವರಣೆ ಕೊಡುತ್ತಿದ್ದ ಆ ಹೆಂಗಸು ಖುಷಿಯಿಂದ ನಮ್ಮನ್ನು ಶಂಕುಸ್ಥಾಪನೆಯ ಫೋಟೋ ಮುಂದೆ ನಿಲ್ಲಿಸಿದಳು. ಅಪ್ಪ ಕನ್ನಡಕ ಏರಿಸಿಕೊಂಡ.

“ಇದು ಎಸ್ರು ಕೆತ್ಸಿರ ಕಲ್ಲು. ಎಣ್ಣೆ ಬಿದ್ದಿಲ್ಲ, ಅರಿಸ್ನ ಬಿದ್ದಿಲ್ಲ. ಇದ್ಕೆ ಯಾವ ನಾಯಿ ಕೈಮುಗೀತದೆ?”

ಏನೆಂದರು ಎಂದು ಆಕೆ ಕೇಳಿದಳು. ತುಂಬಾ ಚೆನ್ನಾಗಿದೆ ಅಂದರು ಎಂದೆ.

ಪಕ್ಕದ ಕೋಣೆಯಲ್ಲಿ ನಗರದ ಮೊದಮೊದಲ ನಕ್ಷೆಗಳಿದ್ದವು, ಟ್ರೇಸಿಂಗ್ ಕಾಗದದ ಮೇಲೆ ಕಪ್ಪು ಇಂಕು. ಕಂಪ್ಯೂಟರ್ ಬರುವ ಮೊದಲು ನಾನೂ ಹಾಗೇ ಬರೆಯುತ್ತಿದ್ದೆ. ತಪ್ಪಿದರೆ ಶೇವಿಂಗ್ ಬ್ಲೇಡಿನಿಂದ ಇಂಕನ್ನು ಕೆರೆದು ತೆಗೆಯಬೇಕು. ಎಷ್ಟು ನಯವಾಗಿ ಕೆರೆದರೂ ಆ ಜಾಗ ತರಿತರಿಯಾಗಿ ಉಳಿಯುತ್ತದೆ, ಬೆಳಕಿಗೆ ಹಿಡಿದರೆ ಬೆಳ್ಳಗೆ ಕಾಣುತ್ತದೆ. ದೊಡ್ಡದೊಂದು ಪಾರ್ಕಿನ ನಡುವೆ ನನಗೆ ಅದು ಕಂಡಿತು, ಕಾಸಿನಗಲ. ಅದರೊಳಗೆ ಎರಡೂವರೆ ಅಕ್ಷರ ಇನ್ನೂ ಉಳಿದಿತ್ತು. ಅಲ್ಲಿ ಮೊದಲಿದ್ದ ಊರಿನ ಹೆಸರು.

ನನ್ನಂಥವನೇ ಒಬ್ಬ, ನನ್ನ ಹಾಗೇ ಉಸಿರು ಹಿಡಿದು, ಬ್ಲೇಡನ್ನು ಓರೆ ಮಾಡಿ ಕೆರೆದಿದ್ದ. ಅವನದಾದರೂ ಗುರುತು ಉಳಿದಿತ್ತು. ನಾನು ಒಂದು ಕೀಲಿ ಒತ್ತಿದ್ದೆ, ಅಷ್ಟೇ.

“ಏನ್ಲಾ, ದೆವ್ವ ಮೆಟ್ಕಂಡೋನಂಗೆ ನಿಂತ್ಬುಟ್ಟೆ?”

“ಇಲ್ಲೊಂದು ಊರಿತ್ತು ಕಣಪ್ಪ. ಕೆರ್ದಾಕವ್ರೆ.”

“ಕೆರ್ದೋನ್ಗೆ ಕೈ ನಡುಗ್ನಿಲ್ವಾ?”

“ನಡುಗಲ್ಲ,” ಎಂದೆ. “ನಾನೂ ಮಾಡಿವ್ನಿ. ನಮ್ಮೂರ್ ಕಲ್ನ.”

ಇಲ್ಲಿ ಅಪ್ಪನ ಕಣ್ಣಲ್ಲಿ ನೀರು ಬಂತು ಎಂದು ಬರೆಯಬಹುದು, ಒಂದು ಸಲ ಬರೆದೂ ಇದ್ದೆ. ಬರಲಿಲ್ಲ. ಜೇಬಿನಿಂದ ಪೆನ್ನು ತೆಗೆದು ಮ್ಯೂಸಿಯಂ ಟಿಕೆಟ್ಟಿನ ಜೊತೆ ನನ್ನ ಕೈಗೆ ತುರುಕಿದ. “ಬರಿ. ಎಲ್ಲಿತ್ತೋ ಅಲ್ಲೇ ಬರಿ.”

ಟಿಕೆಟ್ಟಿನ ಹಿಂದೆ ನಮ್ಮೂರ ಅರಳಿಕಟ್ಟೆ ಬರೆದೆ, ಬಾವಿ ಬರೆದೆ, ಕಟ್ಟೆಯ ಎಡಕ್ಕೆ ಕಲ್ಲು ಬರೆದೆ.

“ಅಲ್ಲ ಕಣ್ಲಾ, ಬಾವಿ ಕಡೀಕೆ! ದಿನಾ ತಿರುಗಾಡೋನ್ಗೆ ಅಷ್ಟೂ ಗೊತ್ತಿಲ್ವಾ?”

“ಕಟ್ಟೆ ಪಕ್ಕದಲ್ಲೇ ಅದೆ.”

“ನಿಮ್ಮವ್ವ ನೀರುಯ್ತಿದ್ದಾಗ ಕೊಡ ನಾನಿಡ್ಕಂಡಿದ್ದೋನು. ನಂಗೇಳ್ತೀಯಾ?”

ಆಗ ನಿಜವಾಗಿ ಹೆದರಿದೆ. ಹುಟ್ಟಿದಾಗಿನಿಂದ ಸುತ್ತಿಕೊಂಡು ನಡೆದ ಕಲ್ಲು, ಎಲ್ಲಿದೆ ಎಂದು ಇಬ್ಬರಿಗೂ ಗೊತ್ತಿಲ್ಲ. ಇಲ್ಲ, ಇಬ್ಬರಿಗೂ ಚೆನ್ನಾಗಿ ಗೊತ್ತು, ಬೇರೆ ಬೇರೆ ಜಾಗದಲ್ಲಿ. ಕಿತ್ತುಬಿಟ್ಟಿದ್ದರೆ ಅದನ್ನು ವಾಪಸು ಇಡಲು ನಮ್ಮ ನೆನಪು ಸಾಕಾಗುತ್ತಿರಲಿಲ್ಲ.

ಊರಲ್ಲಿ ಬಸ್ಸಿಳಿದು ಮನೆಗೆ ಹೋಗಲಿಲ್ಲ. ಕಲ್ಲು ಇನ್ನೂ ಇತ್ತು. ಅಪ್ಪ ಹೇಳಿದ ಕಡೆಯೂ ಅಲ್ಲ, ನಾನು ಹೇಳಿದ ಕಡೆಯೂ ಅಲ್ಲ. ಕಟ್ಟೆ, ಬಾವಿ ಎರಡರ ಮುಂದೆ, ದಾರಿಗೆ ಒತ್ತಿಕೊಂಡು. ಅಂಗಡಿಯಿಂದ ಟೇಪು ಈಸಿಕೊಂಡು ಬಂದೆ. ಅಪ್ಪ ಒಂದು ತುದಿ ಹಿಡಿದು ಕುಕ್ಕರುಗಾಲಲ್ಲಿ ಕೂತ. ಡೇರಿಗೆ ಹಾಲು ಹಾಕಿ ಬರುತ್ತಿದ್ದ ಹೆಂಗಸೊಬ್ಬಳು ಕ್ಯಾನು ಇಳಿಸಿ ನಿಂತಳು.

“ಇದೇನಣ್ಣಾ, ಕಾಶಿಯಿಂದ ಬಂದೇಟ್ಗೆ ಅಪ್ಪ ಮಗ ಬೀದಿ ಭಾಗ ಮಾಡ್ಕತಾ ಇದ್ದೀರಾ?”

“ನೀನೂ ಬಾ, ನಿನ್ಗೊಂದ್ ಪಾಲು ಕೊಡ್ತೀನಿ,” ಎಂದ ಅಪ್ಪ. ನನ್ನ ಕಡೆ ತಿರುಗಿ, “ಬಿಗಿಯಾಗಿಡ್ಕಳ್ಲಾ, ಜೋತಾಡ್ತಾ ಅದೆ.”

ಮರುದಿನ ನಕ್ಷೆಯಲ್ಲಿ, ಹೊಸ ರಸ್ತೆಯ ನಟ್ಟನಡುವೆ, ಕಪ್ಪು ಚುಕ್ಕಿಯಿಟ್ಟು ಕರುಗಲ್ಲು ಎಂದು ಬರೆದೆ. ಸಾಹೇಬರು ಹಾಳೆಯನ್ನು ಬೆಳಕಿಗೆ ಹಿಡಿದರು.

“ಇದು ಮೊದಲು ಇರಲಿಲ್ಲವಲ್ರೀ?”

“ಇತ್ತು ಸಾರ್. ನಾನು ಅಳಿಸಿದ್ದೆ.”

“ತಕರಾರು ಬರುತ್ತೆ.”

“ಬಂದಿದೆ ಸಾರ್,” ಎಂದೆ. “ಅರ್ಜಿ ಹಿಡ್ಕೊಂಡು ನಮ್ಮಪ್ಪ ಹೊರಗೆ ಬೆಂಚಿನ ಮೇಲೆ ಕೂತವ್ರೆ.”