ಅಂಬೆಗಾಲಿಟ್ಟು ಆರಿಸಿದ ನೆಲ

ಜಲಜಾಕ್ಷಿ ಎಂಬ ಹೆಸರು ಇರುವುದು ಆಧಾರ್ ಕಾರ್ಡಿನಲ್ಲಿ ಮಾತ್ರ. ಡೊಂಬಿವಲಿ ಪೂರ್ವದ ಆ ಗಲ್ಲಿಯಲ್ಲಿ ತಾಯಂದಿರಿಗೆ ಅವರು ಜಲಜಕ್ಕ, ಮಕ್ಕಳಿಗೆ ಆಜಿ. ಹಳೆಯ ಸೊಸೈಟಿಯೊಂದರ ಗ್ರೌಂಡ್ ಫ್ಲೋರಿನ ತಮ್ಮ ಮನೆಯಲ್ಲೇ ಅವರು ಇಪ್ಪತ್ತೆರಡು ವರ್ಷಗಳಿಂದ ಪಾಳಣಾಘರ್ ನಡೆಸುತ್ತಿದ್ದಾರೆ. ಲೋಕಲ್ ಹಿಡಿದು ಕೆಲಸಕ್ಕೆ ಹೋಗುವ ತಾಯಂದಿರು ಬೆಳಗ್ಗೆ ಮಕ್ಕಳನ್ನು ಅಲ್ಲಿ ಬಿಟ್ಟು ಸಂಜೆ ಕರೆದೊಯ್ಯುತ್ತಾರೆ. ಈಗ ಒಂಬತ್ತು ಮಕ್ಕಳಿದ್ದಾರೆ. ಬಾಗಿಲ ಹೊರಗೆ ಏಳು ಜೊತೆ ಚಪ್ಪಲಿ, ಏಕೆಂದರೆ ಇಬ್ಬರು ಇನ್ನೂ ಅಂಬೆಗಾಲಿನಲ್ಲಿದ್ದಾರೆ.

ಪಡುಬಿದ್ರಿಯಿಂದ ಮದುವೆಯಾಗಿ ಬಂದಾಗ ಜಲಜಕ್ಕನಿಗೆ ಇಪ್ಪತ್ತಮೂರು ವರ್ಷ. ಗಂಡ ಮುಂಡಪ್ಪ ಕೋಪರಖೈರಣೆಯ ಹೋಟೆಲೊಂದರಲ್ಲಿ ಮ್ಯಾನೇಜರ್. ಮಗಳು ಅಶ್ಮಿತಾ ಐರೋಲಿಯಲ್ಲಿ ಆಫೀಸಿಗೆ ಹೋಗುತ್ತಾಳೆ. ಇಬ್ಬರೂ ಹೊರಟ ಮೇಲೆ ಮನೆ ಮಕ್ಕಳದ್ದು. ಯಾವ ಮಗು ಹಾಲು ಕಂಡರೆ ಮುಖ ತಿರುಗಿಸುತ್ತದೆ, ಯಾವುದರ ಅಳು ಹಸಿವಿನದು, ಯಾವುದರದು ಬರೀ ಹಟ, ಎಲ್ಲವೂ ಅಡುಗೆಮನೆಯಲ್ಲಿ ನಿಂತೇ ಅವರಿಗೆ ತಿಳಿಯುತ್ತದೆ. ಅವರ ಕೈಯಲ್ಲಿ ಬೆಳೆದ ಹುಡುಗಿಯೊಬ್ಬಳು ಈಚೆಗೆ ತನ್ನ ಮಗುವನ್ನೂ ತಂದು ಬಿಟ್ಟಿದ್ದಾಳೆ.

ಆ ಮನೆಗೆ ಇದ್ದದ್ದು ಒಂದೇ ಕೊರತೆ. ಅದರ ನೆಲ ಬೆವರುತ್ತಿತ್ತು. ಮೇ ಕೊನೆಯಲ್ಲಿ ಗಾಳಿ ಒದ್ದೆಯಾದ ದಿನದಿಂದ ಸೆಪ್ಟೆಂಬರಿನವರೆಗೆ ನುಣ್ಣನೆಯ ಟೈಲುಗಳ ಮೇಲೆ ತೆಳುವಾದ ನೀರಿನ ಪದರ ಕೂರುತ್ತಿತ್ತು. ಒರೆಸಿದರೆ ಅರ್ಧ ಗಂಟೆಯಲ್ಲಿ ಮತ್ತೆ ಬರುತ್ತಿತ್ತು. ಜಲಜಕ್ಕ ಚಾಪೆ ಹಾಸಿ, ಗೋಣಿ ಹಾಸಿ ಇಷ್ಟು ಮಳೆಗಾಲಗಳನ್ನು ದಾಟಿಸಿದ್ದರು. ಈ ವರ್ಷ ಮೇ ತಿಂಗಳ ಒಂದು ಮಧ್ಯಾಹ್ನ ಪ್ರಥಮ ಎಂಬ ಒಂದೂವರೆ ವರ್ಷದ ಹುಡುಗ ಚೆಂಡಿನ ಹಿಂದೆ ಓಡಿ ಜಾರಿದ. ಗದ್ದಕ್ಕೆ ಎರಡು ಹೊಲಿಗೆ ಬಿತ್ತು.

ಅವನ ತಾಯಿ ಜ್ಯೋತ್ಸ್ನಾ ಬ್ಯಾಂಕಿನಲ್ಲಿ ಕೆಲಸಕ್ಕಿರುವವಳು, ಕಾರ್ಕಳದ ಕಡೆಯವಳು. ಜಗಳಕ್ಕೆ ಬರಲಿಲ್ಲ. ಮರುದಿನ ಸಂಜೆ ಬಾಗಿಲಲ್ಲೇ ನಿಂತು ಮೆಲ್ಲಗೆ ಹೇಳಿದಳು.

"ಜಲಜಕ್ಕ, ನಿಮ್ಮ ಮೇಲೆ ಬೇಜಾರಿಲ್ಲ. ಆದ್ರೆ ಸ್ಟೇಷನ್ ಹತ್ರ ಹೊಸ ಡೇಕೇರ್ ಆಗಿದೆ. ನಾವು ನಾಲ್ಕು ಮಂದಿ ತಾಯಂದಿರು ಮಾತಾಡಿಕೊಂಡಿದ್ದೇವೆ. ಜೂನ್ ಎರಡನೇ ಭಾನುವಾರ ಬಂದು ನೋಡ್ತೇವೆ. ನೆಲ ಹೀಗೇ ಇದ್ರೆ ಕಷ್ಟ."

"ಹೀಗೇ ಇದ್ರೆ ಕರ್ಕೊಂಡು ಹೋಗು," ಎಂದರು ಜಲಜಕ್ಕ. "ಪೆಟ್ಟಾದ್ದು ನಿನ್ನ ಮಗನಿಗೆ. ನಾನು ಹೇಗೆ ಬೇಡ ಹೇಳ್ಲಿ?"

ಬಾಗಿಲು ಮುಚ್ಚಿದ ಮೇಲೆ ಅವರು ತುಸು ಹೊತ್ತು ತೊಟ್ಟಿಲಿನ ಹಗ್ಗ ಹಿಡಿದು ಕೂತರು. ಒಂಬತ್ತರಲ್ಲಿ ನಾಲ್ಕು ಹೋದರೆ ಉಳಿದ ಐವರ ತಾಯಂದಿರೂ ಯೋಚಿಸುತ್ತಾರೆ. ದೀಪಾವಳಿಯೊಳಗೆ ಮನೆ ಖಾಲಿಯಾಗುತ್ತದೆ. ಮಕ್ಕಳಿಲ್ಲದ ಬೆಳಗ್ಗೆ ಎಂಟು ಗಂಟೆ ಹೇಗಿರುತ್ತದೆ ಎಂದು ಅವರಿಗೆ ಮರೆತೇ ಹೋಗಿತ್ತು.

ಮುಂಡಪ್ಪ ಊಟಕ್ಕೆ ಕೂತಾಗ ವಿಷಯ ಬಂತು.

"ಟೈಲ್ ಒಡೆದು ಬೇರೆ ಹಾಕಿಸುವ."

"ಒಡೆಯಲಿಕ್ಕೆ, ಹಾಕ್ಲಿಕ್ಕೆ ಹದಿನೈದು ದಿನ. ಅಷ್ಟು ದಿನ ಮಕ್ಕಳನ್ನು ನಿಮ್ಮ ಹೋಟೆಲಿನ ಗಲ್ಲಾಪೆಟ್ಟಿಗೆ ಮೇಲೆ ಕೂರಿಸ್ಲಾ?"

"ಕೂರಿಸು. ಗಿರಾಕಿಗಳು ಬೇಗ ಬೇಗ ತಿಂದು ಎದ್ದು ಹೋಗ್ತಾರೆ."

ಅಶ್ಮಿತಾ ಕನ್ನಡ, ತುಳು ಎರಡೂ ಕೇಳಿಸಿಕೊಂಡು ಉತ್ತರವನ್ನು ಮಾತ್ರ ಹಿಂದಿಯಲ್ಲಿ ಕೊಡುವವಳು. ಫೋನನ್ನು ತಾಯಿಯ ತಟ್ಟೆಯ ಪಕ್ಕ ಇಟ್ಟಳು. "ಮಮ್ಮಿ, ಯೇ ದೇಖೋ. ವಿನೈಲ್ ಪ್ಲ್ಯಾಂಕ್. ವಾಟರ್‌ಪ್ರೂಫ್ ಹೈ." ಹಳೆಯ ಟೈಲಿನ ಮೇಲೆಯೇ ಹಾಸುವ ಉದ್ದುದ್ದ ಹಲಗೆಗಳು. ನೋಡಲು ಮರದಂತೆ, ಆದರೆ ಮರವಲ್ಲ. ಎರಡು ದಿನದ ಕೆಲಸ.

"ಫೋನಲ್ಲಿ ನೋಡಿದ್ರೆ ಆಗುದಿಲ್ಲ," ಎಂದರು ಜಲಜಕ್ಕ.

ಭಾನುವಾರ ತಾಯಿ ಮಗಳು ಕಲ್ಯಾಣಿನ ಅಂಗಡಿಗೆ ಹೋದರು. ಸೇಲ್ಸ್‌ಮನ್ ನಾಲ್ಕು ಬಗೆಯ ಹಲಗೆಗಳನ್ನು ನೆಲದ ಮೇಲೆ ಜೋಡಿಸಿ ತೋರಿಸಿದ. ಎಲ್ಲವೂ ನಿಂತು ನೋಡುವಾಗ ಚಂದವೇ. ಜಲಜಕ್ಕ ಪರ್ಸನ್ನು ಮಗಳ ಕೈಗೆ ಕೊಟ್ಟರು, ಸೀರೆಯ ನೆರಿಗೆ ಎತ್ತಿ ಸೊಂಟಕ್ಕೆ ಸಿಕ್ಕಿಸಿದರು, ಮಂಡಿಯೂರಿ ಅಂಗೈ ಊರಿ ಆ ಹಲಗೆಗಳ ಮೇಲೆ ಅಂಬೆಗಾಲಿಡತೊಡಗಿದರು.

"ಆಂಟಿ, ಗಿರ್ ಗಯೀ ಕ್ಯಾ?" ಬಿದ್ದರೆಂದು ತಿಳಿದು ಸೇಲ್ಸ್‌ಮನ್ ಓಡಿಬಂದ.

"ನಹೀ ರೇ, ಚಲ್ ಕೆ ದೇಖ್ ರಹೀ ಹೂಂ," ಬಿದ್ದಿಲ್ಲ, ನಡೆದು ನೋಡುತ್ತಿದ್ದೇನೆ ಎಂದು ಹೇಳಿ ಅವರು ಮುಂದೆ ಸಾಗಿದರು.

ಅಶ್ಮಿತಾ ಕ್ಷಣಕಾಲ ಹೊರಗಿನ ರಸ್ತೆಯನ್ನು ಆಸಕ್ತಿಯಿಂದ ನೋಡಿದಳು. ಆಮೇಲೆ ತಡೆಯಲಾಗದೆ ನಕ್ಕುಬಿಟ್ಟಳು.

ಐವತ್ತೆಂಟರ ಮಂಡಿಗಳು ಹೇಳಿದ್ದನ್ನು ಅಂಗಡಿಯ ಯಾವ ಕಾಗದದಲ್ಲೂ ಬರೆದಿರಲಿಲ್ಲ. ಮೊದಲನೆಯದು ಒತ್ತಿದ ಮರದ ಪುಡಿಯ ಹೊಳಪು ಹಲಗೆ. ಅಲ್ಲಿ ಅಂಗೈ ಜಾರಿತು. ನೀರು ಹೀರಿದರೆ ಉಬ್ಬುತ್ತದೆಂದು ಸೇಲ್ಸ್‌ಮನ್ನೇ ಒಪ್ಪಿಕೊಂಡ. ಎರಡನೆಯದರ ಗೀರುಗಳು ಚರ್ಮಕ್ಕೆ ಚುಚ್ಚಿದವು. ಉಳಿದ ಎರಡು ಹಿತವಾಗಿದ್ದವು: ಅಂಟಿನಿಂದ ಕೂರಿಸುವ ತೆಳುವಾದದ್ದೊಂದು, ಕಲ್ಲಿನ ಪುಡಿ ಸೇರಿಸಿ ಮಾಡಿದ, ಒಂದರೊಳಗೊಂದು ಸಿಕ್ಕಿಸುವ ದಪ್ಪದ್ದೊಂದು.

ಎದ್ದು ಕೂತು ಅವರು ಮಗಳ ಕೈಯಲ್ಲಿದ್ದ ಪರ್ಸಿನಿಂದ ಒಂದು ಅಂಗಿಯ ಗುಂಡಿ, ಒಂದು ಒಣ ಬಟಾಣಿ, ಒಂದು ಹೇರ್‌ಪಿನ್ ತೆಗೆದು ಹಲಗೆಗಳ ಮೇಲೆ ಚೆಲ್ಲಿದರು. ಎಲ್ಲಕ್ಕಿಂತ ಹೆಚ್ಚು ಮಾರಾಟವಾಗುವ, ಗಂಟು ಗಂಟು ಚಿತ್ತಾರದ ಕಂದು ಬಣ್ಣದ ಮೇಲೆ ಮೂರೂ ಕಾಣದಾದವು.

"ನಮಗೆ ಕಾಣದ್ದು ಮಗುವಿಗೆ ಕಾಣ್ತದೆ. ಕಂಡದ್ದು ಬಾಯಿಗೆ ಹೋಗ್ತದೆ," ಎಂದರು. ಹಾಲು ಹೆಚ್ಚು ಬಿದ್ದ ಚಹಾದಂತಹ ಸಾದಾ ಬಣ್ಣ ನಿಶ್ಚಯವಾಯಿತು. ತೆಳುವೋ ದಪ್ಪವೋ ಎಂಬುದು ಉಳಿಯಿತು. ಅದನ್ನು ಹೇಳಲು ಮನೆಗೇ ಜನ ಬರುತ್ತಾರೆ ಎಂದರು ಅಂಗಡಿಯವರು.

ಬಂದವನು ಸಿದ್ರಾಮ. ಇಂಡಿ ಕಡೆಯವನು, ಟಿಟ್ವಾಳಾದಲ್ಲಿ ಮನೆ ಮಾಡಿಕೊಂಡಿದ್ದಾನೆ, ನೆಲ ಹಾಸುವುದು ಅವನ ಕಸುಬು. ಬಂದವನೇ ಹಾಲ್‌ನ ಮೂಲೆಯಲ್ಲಿ ಒಂದು ಚೌಕ ಪ್ಲಾಸ್ಟಿಕ್ ಹಾಳೆ ಹಾಸಿ ನಾಲ್ಕೂ ಅಂಚಿಗೆ ಟೇಪು ಅಂಟಿಸಿದ.

"ಎರಡ ದಿನಾ ಇದು ಹಿಂಗ ಇರ್ಲಿ ಅಕ್ಕಾರ. ನೀರ ಹಾಳಿ ಮ್ಯಾಲ ಕುಂತ್ರ ಅದು ಗಾಳಿದು. ಕೆಳಗ ಕುಂತ್ರ ನೆಲದ್ದು. ಯಾರೂ ಕೀಳದಂಗ ನೋಡ್ಕೋರಿ."

"ಕೀಳ್ಲಿಕ್ಕೆ ಒಂಬತ್ತು ಮಂದಿ ಇದ್ದಾರೆ ಮಾರಾಯ. ನೋಡಿಕೊಳ್ಳಲಿಕ್ಕೆ ನಾನೊಬ್ಬಳೇ."

ಎರಡು ದಿನ ಅವರು ಆ ಮೂಲೆಯಲ್ಲೇ ಸ್ಟೂಲು ಹಾಕಿಕೊಂಡು ಕೂತು ತರಕಾರಿ ಹೆಚ್ಚಿದರು. ಮೂರನೆಯ ದಿನ ಸಿದ್ರಾಮ ಬಗ್ಗಿ ನೋಡಿ ತಲೆ ಕೆರೆದುಕೊಂಡ.

"ಮ್ಯಾಲೂ ಐತಿ, ಕೆಳಗೂ ಐತಿ."

"ಅಂದ್ರೆ?"

"ಅಂದ್ರ ತೆಳ್ಳಂದು ಬ್ಯಾಡ್ರಿ. ಈ ಹಸಿ ಅಂಟನ್ನ ಬಿಡಸ್ತೈತಿ. ಎರಡ ಮಳಿಗಾಲಕ್ಕ ಅಂಚು ಏಳತಾವ, ಕೂಸಿನ ಕಾಲು ಎಡವತೈತಿ. ದಪ್ಪಂದು ತಗೋರಿ. ಕೆಳಗ ದಪ್ಪ ಪ್ಲಾಸ್ಟಿಕ್ ಹಾಸಿ ಮ್ಯಾಲ ಕೂಡಸ್ತೀನಿ. ಹಲಗಿ ಟೈಲಿನಂಗ ತಣ್ಣಗ ಇರಂಗಿಲ್ಲ, ಬೆವರಂಗಿಲ್ಲ."

ಎರಡನೇ ಭಾನುವಾರಕ್ಕೆ ಮೊದಲಿನ ಎರಡು ದಿನ ಕೆಲಸ ನಡೆಯಿತು. ಶುಕ್ರವಾರ ಒಳಕೋಣೆ, ಶನಿವಾರ ಹಾಲ್. ಮಕ್ಕಳು ಈ ಕೋಣೆಯಿಂದ ಆ ಕೋಣೆಗೆ ಸಂಸಾರ ಸಮೇತ ಸ್ಥಳಾಂತರಗೊಂಡರು. ಹಲಗೆಗಳು ಟಕ್ ಟಕ್ ಎಂದು ಸಿಕ್ಕಿಕೊಳ್ಳುವಾಗೆಲ್ಲ ಬಾಗಿಲಿನಿಂದ ಪ್ರಥಮನೂ ಟಕ್ ಎನ್ನುತ್ತಿದ್ದ. ನೆಲ ಎತ್ತರವಾದ್ದರಿಂದ ಬಾಗಿಲುಗಳ ಅಡಿಯನ್ನು ಬೆರಳಗಲ ಕೊಯ್ಯಬೇಕಾಯಿತು. ಹೊರಡುವಾಗ ಸಿದ್ರಾಮ ಗೋಡೆಯ ಬುಡದ ಪಟ್ಟಿಯನ್ನು ತೋರಿಸಿದ.

"ಇದರ ಹಿಂದ ಸ್ವಲ್ಪ ಸಂದಿ ಬಿಟ್ಟೀನ್ರಿ, ಬ್ಯಾಸಗ್ಯಾಗ ಹಲಗಿ ಹಿಗ್ಗಾಕ ಜಾಗಾ ಬೇಕು. ನೀರ ಚೆಲ್ಲಿದ್ರ ಏನೂ ಆಗಂಗಿಲ್ಲ, ಒರಸ್ರಿ. ಆದ್ರ ಬಕೇಟಗಟ್ಲೆ ಸುರೀಬ್ಯಾಡ್ರಿ. ಸಂದಿಯಾಗ ಇಳದ್ರ ಕೆಳಗ ಪ್ಲಾಸ್ಟಿಕ್ ಮ್ಯಾಲ ನಿಲ್ತೈತಿ. ನಾತ ಹೊಡಿತೈತಿ."

ಜಲಜಕ್ಕ ಆಯಿತೆಂದರು. ಮನಸ್ಸಿಟ್ಟೇ ಆಯಿತೆಂದರು. ಆದರೆ ಅವರು ಹುಟ್ಟಿದ ಊರಿನಲ್ಲಿ ಮನೆಗೆ ಜನ ಬರುವ ದಿನ ನೆಲ ಒರೆಸುವುದಿಲ್ಲ, ತೊಳೆಯುತ್ತಾರೆ. ಒಂದು ತುದಿಯಲ್ಲಿ ಬಾಲ್ದಿ ಸುರಿದು, ಹಿಡಿಸೂಡಿಯಿಂದ ನೂಕುತ್ತಾ ಇನ್ನೊಂದು ತುದಿಯಲ್ಲಿ ಹೊರಗೆ ಹಾಕಿದರೆ ಮಾತ್ರ ಅದು ಶುದ್ಧ. ಡೊಂಬಿವಲಿಯಲ್ಲಿ ನೀರು ದಿನಕ್ಕೆ ಎರಡೇ ಗಂಟೆ ಬರುತ್ತಿದ್ದ ವರ್ಷಗಳಲ್ಲೂ ಅವರು ಆ ಪದ್ಧತಿ ಬಿಟ್ಟಿರಲಿಲ್ಲ.

ಭಾನುವಾರ ಹನ್ನೊಂದಕ್ಕೆ ತಾಯಂದಿರು ಬರುವವರಿದ್ದರು. ಬೆಳಗ್ಗೆ ಆರೂವರೆಗೆ ಎದ್ದ ಜಲಜಕ್ಕನ ತಲೆಯ ತುಂಬ ಅವಲಕ್ಕಿ ಯಾವಾಗ ಒಗ್ಗರಿಸುವುದು ಎಂಬ ಲೆಕ್ಕ. ಕೈ ತನ್ನ ಕೆಲಸ ತಾನು ಮಾಡಿತು. ತುಂಬಿದ ಬಾಲ್ದಿ ಎತ್ತಿ ಬಾಗಿಲ ಬಳಿಯಿಂದ ಸುರಿಯಿತು. ನೀರು ಹೊಸ ನೆಲದ ಮೇಲೆ ಹಗುರವಾಗಿ ಓಡಿ, ಬಾಲ್ಕನಿಯ ಕಡೆಯ ಗೋಡೆ ಮುಟ್ಟಿ, ಅಲ್ಲಿ ಸದ್ದಿಲ್ಲದೆ ಇಲ್ಲವಾಯಿತು.

ಅವರು ಹಿಡಿಸೂಡಿ ಹಿಡಿದು ಹಾಗೆಯೇ ನಿಂತರು.

ಸಿದ್ರಾಮನಿಗೆ ಫೋನು ಹೋಯಿತು. "ಬರ್ತೀನ್ರಿ, ಆದ್ರ ಇವತ್ತ ಮೆಗಾಬ್ಲಾಕ್ ಐತಿ," ಎಂದ. ಹಳಿ ದುರಸ್ತಿಗೆಂದು ಲೋಕಲ್‌ಗಳು ಕಡಿಮೆಯಾಗಿದ್ದ ಆ ದಿನ ಟಿಟ್ವಾಳಾದಿಂದ ಬರುವಾಗ ಹತ್ತೂವರೆ. ಅಷ್ಟರಲ್ಲಿ ನೆಲದ ಮೇಲ್ಮೈ ಫ್ಯಾನಿನ ಗಾಳಿಗೆ ಪೂರಾ ಒಣಗಿ ತಿಳಿಯಾಗಿ ಕಾಣುತ್ತಿತ್ತು. ಮುಂಡಪ್ಪ ಅದರ ಮೇಲೆ ಅತ್ತಿತ್ತ ನಡೆದು ನೋಡಿದರು.

"ಯಾರಿಗೆ ಗೊತ್ತಾಗ್ತದೆ? ಅವರು ಬಂದು ನೋಡಿ, ತಿಂದು ಹೋಗ್ಲಿ. ಮಧ್ಯಾಹ್ನ ಬಿಚ್ಚಿಸುವ."

"ಅರ್ಧ ದಿನದಾಗ ಏನೂ ಆಗಂಗಿಲ್ರಿ," ಎಂದು ಸಿದ್ರಾಮನೂ ಸೇರಿಸಿದ.

ಜಲಜಕ್ಕ ಗಡಿಯಾರ ನೋಡಿದರು. ಈಗ ಬಿಚ್ಚಿದರೆ ತಾಯಂದಿರು ಕಾಣುವುದು ಕಿತ್ತ ನೆಲವನ್ನು. ಬಿಚ್ಚದಿದ್ದರೆ ಚಂದದ ನೆಲವನ್ನು ಕಂಡು ಮಕ್ಕಳನ್ನು ಇಲ್ಲೇ ಬಿಡುತ್ತಾರೆ, ಅಡಿಯಲ್ಲಿ ನೀರಿರುವುದು ಗೊತ್ತಿಲ್ಲದೆ.

"ಅವರು ನೋಡ್ಲಿಕ್ಕೆ ಬರುದು ನೆಲ. ನಾನು ಅದರ ಮುಖ ಮಾತ್ರ ತೋರಿಸಿ ಕಳಿಸುದಾ?" ಎಂದರು. "ಮಕ್ಕಳ ಮೂಗು ಇರುದು ನೆಲದ ಹತ್ರ. ವಾಸನೆ ಬಂದ್ರೆ ಮೊದಲು ಬರುದು ಅವಕ್ಕೆ. ಬಿಚ್ಚು ಸಿದ್ರಾಮ."

ಗೋಡೆಯ ಪಟ್ಟಿ ಕಳಚಿತು. ಕೊನೆಗೆ ಹಾಸಿದ ಸಾಲೇ ಆ ಬದಿಯಲ್ಲಿದ್ದದ್ದು ಪುಣ್ಯ, ಇಡೀ ನೆಲ ಕೀಳಬೇಕಾಗಲಿಲ್ಲ. ಒಂದೊಂದೇ ಹಲಗೆ ಎದ್ದು ಬಂತು. ಅಡಿಯ ಪ್ಲಾಸ್ಟಿಕ್ಕಿನ ಮೇಲೆ ನೀರು ಅಲ್ಲಲ್ಲಿ ನಿಂತಿತ್ತು. ಮುಂಡಪ್ಪ ಲುಂಗಿ ಮೇಲೆ ಕಟ್ಟಿ ಬಟ್ಟೆ ಹಿಂಡತೊಡಗಿದರು. ಅಶ್ಮಿತಾ ಟೇಬಲ್ ಫ್ಯಾನ್ ತಂದಿಟ್ಟಳು. ಎಬ್ಬಿಸಿದ ಹಲಗೆಗಳನ್ನು ತೊಡೆಯ ಮೇಲಿಟ್ಟುಕೊಂಡು ಮಕ್ಕಳ ಮೈ ಒರೆಸುವ ಹಾಗೆ ಜಲಜಕ್ಕ ಒರೆಸುತ್ತಿದ್ದಾಗ ಬೆಲ್ ಆಯಿತು.

ನಾಲ್ವರು ತಾಯಂದಿರು ಬಾಗಿಲಲ್ಲೇ ನಿಂತರು. ಜ್ಯೋತ್ಸ್ನಾಳ ಸೊಂಟದಲ್ಲಿ ಪ್ರಥಮನಿದ್ದ.

"ಇದೆಂತ ಜಲಜಕ್ಕ? ಇನ್ನೂ ಕೆಲಸ ಆಗ್ಲಿಲ್ವಾ?"

"ನಿನ್ನೆಯೇ ಆಗಿತ್ತು. ಇವತ್ತು ನಾನು ಹಾಳು ಮಾಡಿದೆ," ಎಂದರು ಜಲಜಕ್ಕ. ಬಾಲ್ದಿಯ ಸಂಗತಿಯನ್ನು ಇದ್ದ ಹಾಗೆ ಹೇಳಿದರು. ಸಿದ್ರಾಮ ಕೆಲಸದಿಂದ ತಲೆಯೆತ್ತಿದ.

"ನಾ ಹೇಳಿದ್ದು ಒರಸ್ರಿ ಅಂತ. ಅಕ್ಕಾರು ನೆಲಕ್ಕ ಎಣ್ಣಿ ನೀರು ಮಾಡಿಸ್ಯಾರ."

ಮೊದಲು ನಕ್ಕವಳು ಜ್ಯೋತ್ಸ್ನಾ. "ನನ್ನ ಅತ್ತೆ ಬಂದ್ರೂ ಇದೇ ಕತೆ. ನಾಲ್ಕನೇ ಮಹಡಿಯಲ್ಲಿ ಬಾಲ್ದಿ ಸುರೀತಾರೆ, ಮೂರನೇ ಮಹಡಿಯವರು ಮೇಲೆ ಬರ್ತಾರೆ."

ಅವಳು ಮಗನನ್ನು ಹಲಗೆಯಿದ್ದ ಕಡೆ ಇಳಿಸಿದಳು. ಅವನು ಪಟಪಟನೆ ಅಡುಗೆಮನೆಯವರೆಗೆ ಓಡಿ, ತಿರುಗಿ ಓಡಿಬಂದ. ಅವಳು ಅವನ ಪಾದಗಳನ್ನೇ ನೋಡುತ್ತಿದ್ದಳು. ಆಮೇಲೆ ಕುಕ್ಕರಗಾಲಿನಲ್ಲಿ ಕೂತು ಎದ್ದ ಹಲಗೆಯ ಅಡಿಯನ್ನು ಮೂಸಿದಳು, ಪ್ಲಾಸ್ಟಿಕ್ ಎತ್ತಿ ಕೆಳಗಿನ ಹಳೆಯ ಟೈಲನ್ನು ಮುಟ್ಟಿದಳು. ಇದೆಲ್ಲ ಮುಚ್ಚಿ ತೋರಿಸಬಹುದಿತ್ತು ಎಂಬುದು ಅವಳಿಗೂ ಹೊಳೆದಿರಬೇಕು. ದುಪ್ಪಟ್ಟಾ ಬಿಗಿದು, ಒಂದು ಒಣ ಬಟ್ಟೆ ತೆಗೆದುಕೊಂಡು ಜಲಜಕ್ಕನ ಪಕ್ಕ ಕೂತಳು.

ನಾಲ್ವರಲ್ಲಿ ಒಬ್ಬಳಿಗೆ ಸ್ಟೇಷನ್ನಿನ ಹತ್ತಿರದ ಡೇಕೇರೇ ಅನುಕೂಲ. ಅವಲಕ್ಕಿ ತಿಂದು, ಅದನ್ನು ಸಂಕೋಚದಿಂದ ಹೇಳಿ ಹೋದಳು. ಇಬ್ಬರು ಸೋಮವಾರದ ಬಟ್ಟೆಚೀಲಗಳನ್ನು ಕಪಾಟಿನಲ್ಲಿಟ್ಟರು. ಜ್ಯೋತ್ಸ್ನಾ ಮಾತ್ರ ಕೊನೆಯ ಹಲಗೆ ಒಣಗುವವರೆಗೆ ಇದ್ದಳು.

"ಜಲಜಕ್ಕ, ನಾಳೆಯಿಂದ ನನಗೆ ಬೇರೆ ಬ್ರಾಂಚ್," ಎಂದಳು ಎದ್ದು ನಿಂತು. "ಏಳು ಹದಿನೆಂಟರ ಗಾಡಿ ಹಿಡಿಬೇಕು. ಇವನನ್ನು ಆರೂ ಮುಕ್ಕಾಲಿಗೇ ತಂದ್ರೆ ಆಗ್ತದಾ?"

ಜಲಜಕ್ಕ ಕೈಯಲ್ಲಿದ್ದ ಹಲಗೆಯನ್ನು ಸಿದ್ರಾಮನಿಗೆ ದಾಟಿಸಿದರು.

"ತಾ. ಮಲಗಿದ್ರೆ ಎಬ್ಬಿಸ್ಬೇಡ, ಹಾಗೇ ಎತ್ಕೊಂಡು ಬಾ," ಎಂದರು.