ತವರಿನ ಕೊನೆಯ ಸೀರೆ

ತಮ್ಮ ನಿನ್ನೆ ತಂದುಕೊಟ್ಟ ಇಳಕಲ್ ಸೀರೆಯ ಮಡಿಕೆ ಬಿಚ್ಚಿದೆ. ಹೊಸ ನೂಲಿನ ಗಂಜಿಯ ವಾಸನೆ ಮೂಗಿಗೆ ಬಡಿದದ್ದೇ ತಡ, ನಮ್ಮ ಅಂಗನವಾಡಿಯ ಆಯವ್ವ ಕಣ್ಣ ಮುಂದೆ ಬಂದು ನಿಂತಳು. ಸೀರೆಯನ್ನು ಮಂಚದ ಮೇಲೆ ಹಾಗೇ ಬಿಟ್ಟು ಕುಳಿತುಬಿಟ್ಟೆ...

ಸಂಶಿಯಲ್ಲಿ ನಾನು ಅಂಗನವಾಡಿ ಶಿಕ್ಷಕಿ, ಅವಳು ಸಹಾಯಕಿ. ಓಣಿಯ ಮಕ್ಕಳೆಲ್ಲ ಅವಳ ಕೈಯ ಉಪ್ಪಿಟ್ಟು ತಿಂದೇ ಬೆಳೆದವರು. ಅವಳಿಗೆ ಮಾತ್ರ ಮಕ್ಕಳಿರಲಿಲ್ಲ. ಗಂಡ ಹಮಾಲಿ ಮಾಡಿ ಬೆನ್ನು ಕಳೆದುಕೊಂಡು ಮನೆ ಹಿಡಿದಿದ್ದ. ಅವಳ ಗೌರವಧನದಿಂದಲೇ ಒಲೆ ಉರಿಯಬೇಕು. ಅರವತ್ತು ಹತ್ತಿರ ಬಂದಂತೆ ಅವಳಿಗೆ ದಿಗಿಲು ಹತ್ತಿತು. ಕೆಲಸ ಬಿಟ್ಟ ಮೇಲೆ ಪಿಂಚಣಿ ಇಲ್ಲ. ಸರ್ಕಾರ ಮುದುಕರಿಗೆ ಕೊಡುವ ಮಾಸಾಶನ ಅವಳ ಸಕ್ಕರೆ ಕಾಯಿಲೆಯ ಗುಳಿಗೆಗೂ ಸಾಲದು.

“ಅರವತ್ತಕ್ಕ ನಮ್ಮ ಹೊಟ್ಟಿಗೂ ರಿಟೈರ್‌ಮೆಂಟ್ ಐತೇನ್ರಿ ಅಕ್ಕೋರ?” ಎಂದು ಕೇಳುತ್ತಿದ್ದಳು. ನಗುತ್ತಲೇ ಕೇಳುತ್ತಿದ್ದಳು, ಆದರೆ ಕಣ್ಣು ನಗುತ್ತಿರಲಿಲ್ಲ.

ಅವಳಿಗೊಂದು ಆಸರೆ ಇತ್ತು. ತವರೂರು ತಿರ್ಲಾಪುರದಲ್ಲಿ ಅಪ್ಪನ ಎರೆಹೊಲ. ಅಪ್ಪ ತೀರಿದ ಮೇಲೆ ಅದರಲ್ಲಿ ಕಾಯ್ದೆಯ ಪ್ರಕಾರ ಅವಳಿಗೂ ಪಾಲು. ತಮ್ಮಂದಿರು ಹೊಲ ಹಂಚಿಕೊಳ್ಳುವ ಹೊತ್ತಿಗೆ, ಹಕ್ಕು ಬಿಟ್ಟು ಸಹಿ ಮಾಡು ಎಂದು ಕರೆಕಳಿಸಿದರು. ಕೇಳಿ ನನ್ನ ಮೈ ಉರಿಯಿತು.

“ಹುಚ್ಚು ಹಿಡದೈತೇನಬೇ ನಿನಗ? ನಿನ್ನ ಪಾಲು ಲಾವಣಿಗೆ ಹಾಕು, ಉಳುವವ್ರಿಗೆ ಗುತ್ತಿಗಿ ಕೊಡು. ವರ್ಷಾ ಬರೂ ರೊಕ್ಕದಾಗ ಇಬ್ಬರ ಹೊಟ್ಟಿ ನಡೀತೈತಿ” ಎಂದೆ.

ಅವಳು ಅಕ್ಕಿ ಆರಿಸುತ್ತಲೇ ಇದ್ದಳು. “ಹೊಲಾ ತಗೊಂಡ್ರ ತವರು ಹೋತ್ರಿ ಅಕ್ಕೋರ. ನಾ ಸತ್ತ ದಿನ ಸೀರಿ ತರೂವ್ರು ಯಾರು?”

ನಮ್ಮ ಕಡೆ ಹೆಣ್ಣು ಸತ್ತರೆ ಹೆಣಕ್ಕೆ ಉಡಿಸಲು ತವರಿನಿಂದ ಸೀರೆ ಬರಬೇಕು. ಬರದಿದ್ದರೆ ಹಿಂದು ಮುಂದಿಲ್ಲದವಳು ಎಂದು ಊರು ಆಡಿಕೊಳ್ಳುತ್ತದೆ. ಆ ಮಾತಿಗೆ ಹೆದರಿ ಅವಳು ಪಂಚಮಿಗೆ ಆಧಾರ್ ಕಾರ್ಡ್ ಹಿಡಿದು ತವರಿಗೆ ಹೋದಳು, ಸಹಿ ಹಾಕಿದಳು. ಡಬ್ಬಿ ತುಂಬ ಶೇಂಗಾ ಉಂಡಿ ತಂದು ಮಕ್ಕಳಿಗೆಲ್ಲ ಹಂಚಿದಳು.

ಕೆಲಸ ಬಿಟ್ಟ ದಿನ ಶಾಲು ಹೊದಿಸಿ ಚಪ್ಪಾಳೆ ತಟ್ಟಿದೆವು. ಮುಂದಿನ ತಿಂಗಳಿಂದಲೇ ಅವಳು ಊಟದ ಹೊತ್ತಿಗೆ ಅಂಗನವಾಡಿಗೆ ಬರತೊಡಗಿದಳು. ಹೊಸ ಸಹಾಯಕಿಯ ಕೈಯಿಂದ ಕಸಬರಿಗೆ ಕಸಿದುಕೊಂಡು ತಾನೇ ಗುಡಿಸುತ್ತಿದ್ದಳು. ಮಕ್ಕಳು ಉಂಡು ಮುಗಿಯುವವರೆಗೂ ಬಾಗಿಲ ಬಳಿ ಕೂತಿರುತ್ತಿದ್ದಳು. ನಾನು ಕರೆದು ಬಡಿಸಿದರೆ ಅರ್ಧ ತಾನು ಉಂಡು, ಉಳಿದರ್ಧ ಗಂಡನಿಗೆ ಒಯ್ಯುತ್ತಿದ್ದಳು. ಗುಳಿಗೆಯನ್ನೂ ಅರ್ಧ ಮುರಿದು ನುಂಗುತ್ತಿದ್ದಳಂತೆ. ಕಾಲಿನ ಹುಣ್ಣು ಕೊಳೆಯತೊಡಗಿದಾಗ ಅವಳ ತಮ್ಮನಿಗೆ ನಾನೇ ಫೋನು ಹಚ್ಚಿಕೊಟ್ಟೆ. “ಈ ವರ್ಷ ಹತ್ತಿ ಕೈಕೊಟ್ಟೈತಿ, ಮುಂದ ನೋಡೂಣು ತಡಿ” ಎಂದನಂತೆ. ಅವಳು ಫೋನು ತಿರುಗಿ ಕೊಟ್ಟು, “ಪಾಪ, ಅವನೂ ಏನ್ ಮಾಡ್ಯಾನ್ರಿ?” ಎಂದಳು.

ಅದೇ ಕಾಲು ಅವಳನ್ನು ಒಯ್ದಿತು.

ಸೀರೆ ಬಂತು. ಕಾರಿನಲ್ಲಿ ಬಂತು. ಕೆಂಪು ಸೆರಗಿನ, ಗಂಜಿಯ ವಾಸನೆಯೂ ಆರದ ಇಳಕಲ್ ಸೀರೆ. “ತವರು ಅಂದ್ರ ಹಿಂಗಿರಬೇಕ ನೋಡ್ರಿ, ಪುಣ್ಯವಂತಿ” ಎಂದು ಹೆಂಗಸರು ಕಣ್ಣೊರೆಸಿಕೊಂಡರು. ಬದುಕಿದ್ದಾಗ ಒಂದು ಗುಳಿಗೆ ಕೊಡದ ಕೈಗಳು! ಆ ಸೀರೆಯನ್ನು ಒಲೆಗೆ ತುರುಕಬೇಕು ಅನ್ನಿಸಿತು. ಆದರೆ ಉಡಿಸುವಾಗ ನಿರಿಗೆ ಹಿಡಿದವಳು ನಾನೇ...

ಬರುವ ವರ್ಷ ನನಗೂ ಅರವತ್ತು. ನನ್ನ ಗಂಡ ತೀರಿಕೊಂಡಿದ್ದಾನೆ. ನಮ್ಮಪ್ಪನ ಹೊಲದಲ್ಲಿ ನನ್ನ ಪಾಲು ಇನ್ನೂ ಹಾಗೇ ಇದೆ. ನಿನ್ನೆ ಸೀರೆ ಕೊಟ್ಟು ಹೊರಟ ತಮ್ಮ ಹೊಸ್ತಿಲಲ್ಲಿ ತಿರುಗಿ ನಿಂತು, “ಅಕ್ಕಾ, ಪಂಚಮಿಗೆ ಬರೂ ಮುಂದ ಆಧಾರ್ ಕಾರ್ಡ್ ತಗೊಂಡು ಬಾ” ಎಂದ.

ಏನು ಮಾಡಲಿ ಎಂದು ಕೇಳೋಣವೆಂದರೆ ಆಯವ್ವ ಇಲ್ಲ. ಕಾರ್ಡು ಹುಡುಕಿ ಚೀಲದಲ್ಲಿ ಇಟ್ಟುಕೊಂಡಿದ್ದೇನೆ.